ಸೆಗಣಿಗೆ ಹುಳ ಬೀಳುವುದಿಲ್ಲವೇ?

“ಸೆಗಣಿಗೆ ಹುಳ ಬೀಳುವುದಿಲ್ಲವೇ ಸರ್?”

ಹೋದ ಶನಿವಾರ ಸಿದ್ದಾಪುರದ ಕಡೆಯ ಹುಡುಗಿಯೊಬ್ಬಳು ಎದ್ದು ನಿಂತು ಹೀಗೆ ಕೇಳಿದಾಗ ಸಭೆಯೆಲ್ಲ ನಕ್ಕಿತು. ನಮ್ಮ ಜಿಲ್ಲೆಯ ಚಿತ್ರಕಲಾ ಶಾಲೆಯೊಂದರಲ್ಲಿ ಸಮಕಾಲೀನ ಕಲಾವಿದರೊಂದಿಗೆ ಸಂವಾದ. ವೇದಿಕೆಯಲ್ಲಿ ಮೂವರು ಕಲಾವಿದರು, ನಡುವೆ ಒಬ್ಬ ನಿರ್ವಾಹಕರು. ಪರದೆಯ ಮೇಲೆ ಕಲಾವಿದೆ ಶೀಲಾ ಗೌಡ ಅವರು ತೊಂಬತ್ತರ ದಶಕದಲ್ಲಿ ಸೆಗಣಿ ಬಳಸಿ ಮಾಡಿದ ಕೃತಿಯೊಂದರ ಚಿತ್ರ. ನಿರ್ವಾಹಕರು ಮೈಕ್ ಎಳೆದುಕೊಂಡು, “ಪ್ರಶ್ನೆಗಳು ಪರಿಕಲ್ಪನೆಯ ಮಟ್ಟದಲ್ಲಿರಲಿ, ಸಮಯ ಕಡಿಮೆ ಇದೆ” ಎಂದರು. ಹುಡುಗಿ ಕುಳಿತಳು. ಮತ್ತೆ ಏಳಲಿಲ್ಲ.

ಸಮಯ ಕಡಿಮೆಯಾದದ್ದು ಅವಳಿಂದಲ್ಲ. ಮೂರಕ್ಕೆ ಎಂದಿದ್ದ ಕಾರ್ಯಕ್ರಮ ಶುರುವಾದದ್ದು ನಾಲ್ಕಕ್ಕೆ. ಪ್ರಾರ್ಥನೆ, ಸ್ವಾಗತ, ದೀಪ, ಪ್ರಾಸ್ತಾವಿಕ, ಶಾಲು, ಹಾರ. ಅತಿಥಿಗಳ ಪರಿಚಯವೆಂದರೆ ಅವರು ಹೋಗಿ ಬಂದ ದೇಶಗಳ ಪಟ್ಟಿ. ಅಧ್ಯಕ್ಷರು ತಮಗೆ ಕಲೆಯ ಬಗ್ಗೆ ಏನೂ ತಿಳಿಯದು ಎಂದು ಮೊದಲೇ ಒಪ್ಪಿಕೊಂಡು, ಅನಂತರ ಇಪ್ಪತ್ತೈದು ನಿಮಿಷ ಅದನ್ನು ಸಾಬೀತುಪಡಿಸಿದರು.

ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತಾ ಕೂದಲು ನೆರೆದಿದೆ ನನಗೆ. ಆ ಮಧ್ಯಾಹ್ನ ಕೇಳಿದ ಮಾತುಗಳಲ್ಲಿ ಚಿತ್ರದ ಹತ್ತಿರ ಬಂದದ್ದು ಆ ಹುಳದ ಪ್ರಶ್ನೆಯೊಂದೇ. ಅಡಿಕೆ ಒಣಗಿಸುವ ಅಂಗಳವನ್ನು ವರ್ಷವರ್ಷವೂ ಸೆಗಣಿಯಿಂದ ಸಾರಿಸುವ ಸೀಮೆ ನಮ್ಮದು. ಸಾರಿಸಿದ್ದು ಯಾವಾಗ ಬಿರಿಯುತ್ತದೆ, ಯಾವಾಗ ಹಕ್ಕಳೆ ಏಳುತ್ತದೆ ಎಂಬುದು ಆ ಹುಡುಗಿಯ ಅಂಗೈಗೆ ಗೊತ್ತು. ಮೇಲಾಗಿ ಅವಳ ಅಜ್ಜಿ ಹಸೆ ಚಿತ್ತಾರ ಬರೆಯುವವರು. ದೀವರ ಸಮುದಾಯದ ಮನೆಗಳಲ್ಲಿ ಕೆಮ್ಮಣ್ಣಿನ ಗೋಡೆಯ ಮೇಲೆ ನೆನೆಸಿ ಅರೆದ ಅಕ್ಕಿಯ ಬಿಳಿ, ಹುರಿದು ಕರಿದಾಗಿಸಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಪುಂಡಿ ನಾರಿನ ಕುಂಚ. ಅಂಥ ಮನೆಯ ಹುಡುಗಿಗೆ ಗೋಡೆಗೆ ಹಚ್ಚಿದ್ದು ಎಷ್ಟು ಮಳೆಗಾಲ ನಿಲ್ಲುತ್ತದೆ ಎಂಬುದೇ ಮೊದಲ ಪ್ರಶ್ನೆ. ವೇದಿಕೆಯವರು ‘ಮೆಟೀರಿಯಾಲಿಟಿ’, ಅಂದರೆ ಕೃತಿಗೆ ಬಳಸಿದ ವಸ್ತುವಿನ ಗುಣ, ಎಂದು ಹನ್ನೊಂದು ಸಲ ಹೇಳಿದರು (ಬೇಸರಕ್ಕೆ ಎಣಿಸಿದೆ). ಹುಡುಗಿ ಅದನ್ನೇ ಒಂದು ಹುಳದಲ್ಲಿ ಕೇಳಿದ್ದಳು.

ಶೀಲಾ ಗೌಡ ನಮಗೇನು ದೂರದವರಲ್ಲ. ಭದ್ರಾವತಿಯಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಹಡಪದ ಮೇಷ್ಟ್ರು ಕಟ್ಟಿದ ಕೆನ್ ಕಲಾಶಾಲೆಯಲ್ಲಿ ಕಲಿತು, ಶಾಂತಿನಿಕೇತನಕ್ಕೂ ಲಂಡನ್ನಿಗೂ ಹೋದವರು. ಸೂಜಿಯ ಕಣ್ಣುಗಳಲ್ಲಿ ನೂಲು ಪೋಣಿಸಿ, ಆ ನೂಲುಗಳನ್ನು ಕುಂಕುಮ ಮತ್ತು ಅಂಟಿನಲ್ಲಿ ಹಗ್ಗವಾಗಿಸಿ, ತುದಿಯಲ್ಲಿ ಸೂಜಿಗಳನ್ನು ಗೊಂಚಲಾಗಿ ಬಿಟ್ಟ ಕೃತಿಯನ್ನು ಅವರು 1998ರಲ್ಲಿ ಮಾಡಿದರು. ಅದರ ಚಿತ್ರವನ್ನೂ ತೋರಿಸಿದರು, ನಾಲ್ಕು ಸೆಕೆಂಡು. ಹೂ ಕಟ್ಟುವ, ಕೌದಿ ಹೊಲಿಯುವ ಹೆಂಗಸರ ಮಕ್ಕಳು ಎದುರಿಗೆ ಕುಳಿತಿದ್ದರು. ಅಲ್ಲಿ ಹತ್ತು ನಿಮಿಷ ನಿಂತಿದ್ದರೆ ಆಗುತ್ತಿರಲಿಲ್ಲವೇ?

ಮಾತು ಕೇಳುವುದು ನಮ್ಮ ಜನಕ್ಕೆ ಬಾರದು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ತಾಳಮದ್ದಳೆಯ ಊರು ಇದು. ವೇಷವಿಲ್ಲ, ಕುಣಿತವಿಲ್ಲ, ಎದುರುಬದುರು ಕುಳಿತು ಪಾತ್ರವಾಗಿ ವಾದಿಸುವ ಅರ್ಥಧಾರಿಗಳು, ಭಾಗವತರು, ಮದ್ದಳೆ. ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ ಎಂದು ವಾಲಿ ಕೇಳುತ್ತಾನೆ. ರಾಮ ಉತ್ತರ ಕೊಡಲೇಬೇಕು. ವಾಲಿ ಸಾಯುತ್ತಾನೆಂದು ಎಲ್ಲರಿಗೂ ಗೊತ್ತು, ಆದರೂ ಈ ರಾತ್ರಿಯ ರಾಮ ಏನು ಹೇಳಿ ತಪ್ಪಿಸಿಕೊಳ್ಳುತ್ತಾನೆ ಎಂದು ಜನ ನಿದ್ದೆಗೆಟ್ಟು ಕೂರುತ್ತಾರೆ. ಎದುರಿನವನ ಮಾತನ್ನು ಹಿಡಿಯದೆ ಬಾಯಿಪಾಠ ಒಪ್ಪಿಸಿದ ಅರ್ಥಧಾರಿಯನ್ನು ಮರುದಿನ ಚಹಾ ಅಂಗಡಿಯಲ್ಲಿ ಯಾರೂ ಬಿಡುವುದಿಲ್ಲ. ನಮ್ಮ ಸಂವಾದದಲ್ಲಿ ಆದದ್ದೇನು? ಮೂವರೂ ತಮ್ಮ ತಮ್ಮ ಚಿತ್ರಗಳನ್ನು ತೋರಿಸಿದರು, ಮೂವರೂ ಒಬ್ಬರನ್ನೊಬ್ಬರು ಹೊಗಳಿದರು. ಮೂವರೂ ರಾಮರೇ. ವಾಲಿಯ ಪಾತ್ರಕ್ಕೆ ಬಂದ ಒಬ್ಬ ಹುಡುಗಿಯನ್ನು ಕೂರಿಸಿಯಾಗಿತ್ತು.

ಇಂಗ್ಲಿಷಿನ ಬಗ್ಗೆ ನನ್ನ ಜಗಳವಿಲ್ಲ. ಬರೋಡಾದಲ್ಲೋ ಶಾಂತಿನಿಕೇತನದಲ್ಲೋ ಕಲಿತವರಿಗೆ ಕಲೆಯ ಮಾತು ಆ ಭಾಷೆಯಲ್ಲೇ ಬರುವುದು ಸಹಜ. ನಮ್ಮ ಕನ್ನಡವೂ ಕೆಲವೊಮ್ಮೆ ಕೈಕೊಡುತ್ತದೆ. ಆಹ್ವಾನಪತ್ರದಲ್ಲಿ ಇನ್‌ಸ್ಟಲೇಶನ್ ಆರ್ಟ್‌ಗೆ ‘ಪ್ರತಿಷ್ಠಾಪನಾ ಕಲೆ’ ಎಂದಿದ್ದುದನ್ನು ಓದಿ ನಮ್ಮ ಪಕ್ಕದ ಮನೆಯ ಸುಬ್ರಾಯಣ್ಣ, “ಯಾವ ದೇವರು? ಅಷ್ಟಬಂಧ ಯಾವತ್ತು?” ಎಂದು ಕೇಳಿದ್ದರು. ಅವರನ್ನು ನೋಡಿ ನಗಲಾರೆ. ಶಬ್ದ ಹುಟ್ಟಿಸಿದವರು ಅವರನ್ನು ಒಮ್ಮೆ ಕೇಳಬೇಕಿತ್ತು.

ಮೈಸೂರಿನ ಎನ್.ಎಸ್. ಹರ್ಷ 2008ರಲ್ಲಿ ಬರೆದ ಆರು ಫಲಕಗಳ ದೊಡ್ಡ ಚಿತ್ರವೊಂದಿದೆ: ಸಾಲುಸಾಲಾಗಿ ಕುರ್ಚಿಗಳಲ್ಲಿ ಕುಳಿತ ಸಾವಿರಾರು ಜನ. ಬಂದು ನಮಗೊಂದು ಭಾಷಣ ಮಾಡಿ ಎಂಬರ್ಥದ ಹೆಸರು ಅದಕ್ಕೆ. ಅಲ್ಲಿ ಭಾಷಣಕಾರನಿಲ್ಲ, ಕೇಳುಗರಷ್ಟೇ, ಒಬ್ಬೊಬ್ಬರೂ ಬೇರೆ. ಆ ದಿನ ಹಿಂದಿನ ಸಾಲಿನಲ್ಲಿ ಕುಳಿತು ಮುಂದಿನ ತಲೆಗಳನ್ನು ನೋಡುತ್ತಿದ್ದ ನನಗೆ ಅದು ಮತ್ತೆ ಮತ್ತೆ ನೆನಪಾಯಿತು.

ನಿಜವಾದ ಸಂವಾದ ನಡೆದದ್ದು ಆಮೇಲೆ, ಕಷಾಯದ ಪಾತ್ರೆಯ ಹತ್ತಿರ. ಮೂವರಲ್ಲಿ ಒಬ್ಬರು ಅಡಿಕೆ ಹಾಳೆಯಲ್ಲಿ ಕೆಲಸ ಮಾಡುವವರು; ಮೂಲತಃ ನಮ್ಮ ಕಡೆಯವರೇ, ಈಗ ಮುಂಬಯಿ. ಲೋಟ ಹಿಡಿದು ನೇರವಾಗಿ ಹುಡುಗಿಯ ಬಳಿಗೆ ಬಂದರು.

“ತಂಗಿ, ಸೆಗಣಿಯದು ನನಗೆ ತಿಳಿಯದು. ನನ್ನ ಹಾಳೆಯ ಕತೆ ಹೇಳಲೇ?”

ಮೊದಲ ದೊಡ್ಡ ಪ್ರದರ್ಶನಕ್ಕೆ ಅರೆ ಒಣಗಿದ ಹಾಳೆಗಳನ್ನೇ ಪೆಟ್ಟಿಗೆಗೆ ತುಂಬಿದ್ದರಂತೆ. ಜುಲೈ ತಿಂಗಳು. ತೆರೆದರೆ ಎಲ್ಲದಕ್ಕೂ ಬೂಷ್ಟು. ಎರಡು ರಾತ್ರಿ ಟೇಬಲ್ ಫ್ಯಾನ್ ಇಟ್ಟುಕೊಂಡು ಗ್ಯಾಲರಿಯ ನೆಲದಲ್ಲೇ ಮಲಗಿದರಂತೆ. ಒಂದೂ ಮಾರಾಟವಾಗಲಿಲ್ಲ, ಸಾಗಾಟದ ಸಾಲ ತೀರಿಸಲು ಎರಡು ವರ್ಷ ಮಕ್ಕಳಿಗೆ ಚಿತ್ರ ಹೇಳಿಕೊಟ್ಟರಂತೆ. ಪರದೆಯ ಮೇಲೆ ಬಂದ ಅವರ ನಲವತ್ತು ಚಿತ್ರಗಳಲ್ಲಿ ಈ ಬೂಷ್ಟಿನದು ಒಂದೂ ಇರಲಿಲ್ಲ.

ಹುಡುಗಿ ಈಗ ಹೆದರಲಿಲ್ಲ. “ಒಲೆಯ ಮೇಲಿನ ಅಟ್ಟದಲ್ಲಿ ಇಡಬೇಕಿತ್ತು. ಹೊಗೆ ಹಿಡಿದ ಹಾಳೆಗೆ ಬೂಷ್ಟು ಬರುವುದಿಲ್ಲ ಎನ್ನುತ್ತಾಳೆ ನಮ್ಮ ಅಜ್ಜಿ” ಎಂದಳು. ಅವರು ಒಂದು ಕ್ಷಣ ಸುಮ್ಮನೆ ನಿಂತರು. ತಮ್ಮ ಮನೆಯಲ್ಲೂ ಹಾಗೇ ಇಡುತ್ತಿದ್ದರು, ಮರೆತೇ ಹೋಗಿತ್ತು ಎಂದರು. ಆಮೇಲೆ ಅವರೇ ಕೇಳುತ್ತಾ ಹೋದರು: ಎಷ್ಟು ದಿನ, ಯಾವ ಸೌದೆ, ಬಣ್ಣ ಕಪ್ಪಾಗುವುದೇ? ಸುತ್ತ ಹುಡುಗರು ನೆರೆದರು. ಅರ್ಧ ಗಂಟೆ ಯಾರೂ ಸಮಯ ಕಡಿಮೆ ಇದೆ ಎನ್ನಲಿಲ್ಲ.

ಶಾಲೆಯವರು ಕಾರ್ಯಕ್ರಮವನ್ನು ಯೂಟ್ಯೂಬಿಗೆ ಹಾಕಿದ್ದಾರೆ. ದೀಪ ಬೆಳಗಿಸಿದ್ದು, ಶಾಲು ಹೊದಿಸಿದ್ದು ಎಲ್ಲವೂ ಸ್ಪಷ್ಟ, ವಂದನಾರ್ಪಣೆಗೆ ಮುಗಿಯುತ್ತದೆ. ಕಷಾಯದ ಹೊತ್ತಿನದನ್ನು ಒಬ್ಬ ಹುಡುಗ ಮೊಬೈಲಿನಲ್ಲಿ ಹಿಡಿದಿದ್ದ. ಮಾತಿಗಿಂತ ಲೋಟಗಳ ಸದ್ದೇ ಜಾಸ್ತಿ, ಅರ್ಧ ಹೊತ್ತು ಯಾರದೋ ಬೆನ್ನು. ವಾಟ್ಸಾಪಿನಲ್ಲಿ ಕೇಳಿ ತರಿಸಿಕೊಂಡೆ. ನಾಳೆ ಒಂಬತ್ತನೆಯ ತರಗತಿಗೆ ತೋರಿಸುತ್ತೇನೆ.