ಆ ಕೇಬಲ್ ಮಾರಬೇಡಿ, ದಯವಿಟ್ಟು

ಈಗಷ್ಟೇ ದಾವಣಗೆರೆಯ ಅಂಗಡಿಯೊಂದರಲ್ಲಿ ಕಂಡದ್ದಕ್ಕೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಒಬ್ಬ ತಾಯಿ ಹಳೆಯ ಮಿನಿಡಿವಿ (ಪುಟ್ಟ ಡಿಜಿಟಲ್ ಟೇಪಿನ) ಕ್ಯಾಮೆರಾ, ಮಗಳ ಸೀಮಂತದ ಎರಡು ಕ್ಯಾಸೆಟ್ ಹಿಡಿದು ಬಂದಿದ್ದರು. ಅಂಗಡಿಯವರು ಒಂದು ತುದಿಗೆ ಪುಟ್ಟ ನಾಲ್ಕು ಪಿನ್ನಿನ ಫೈರ್‌ವೈರ್ (ಟೇಪಿನ ವಿಡಿಯೊವನ್ನು ಕಂಪ್ಯೂಟರಿಗೆ ಕಳಿಸೋ ಹಳೆ ಬಗೆಯ ಕನೆಕ್ಷನ್), ಇನ್ನೊಂದು ತುದಿಗೆ ಯುಎಸ್‌ಬಿ ಇರುವ ಕೇಬಲ್ ಕೈಗಿಟ್ಟು, “ಇದನ್ನ ಹಾಕ್ರಿ ಅಮ್ಮಾರ, ಡೈರೆಕ್ಟ್ ಲ್ಯಾಪ್‌ಟಾಪಿಗೆ ಬರ್ತೈತಿ” ಅಂದರು.

ಬರೋದಿಲ್ಲ. ಯಾವ ಲ್ಯಾಪ್‌ಟಾಪಿಗೂ ಬರೋದಿಲ್ಲ.

ಕ್ಯಾಮೆರಾದ ಆ ನಾಲ್ಕು ಪಿನ್ನೂ ಸಿಗ್ನಲ್ಲಿಗೇ, ಎರಡು ಜೋಡಿ. ಯುಎಸ್‌ಬಿ 2.0ದಲ್ಲಿ ಸಿಗ್ನಲ್ಲಿಗೆ ಇರೋದು ಒಂದೇ ಜೋಡಿ, ಉಳಿದೆರಡು ತಂತಿ 5 ವೋಲ್ಟ್ ಮತ್ತು ಗ್ರೌಂಡ್. ಎರಡರ ಭಾಷೆಯೂ ಬೇರೆ. ನಡುವೆ ಭಾಷಾಂತರಿಸೋ ಚಿಪ್ ಇಲ್ಲದ ಬರೀ ತಂತಿ ಏನು ಮಾಡೀತು? ಸುಮ್ಮನಿದ್ದರೆ ಪುಣ್ಯ. ಆ 5 ವೋಲ್ಟ್ ಹೋಗಿ ಸಿಗ್ನಲ್ ಪಿನ್ನಿಗೆ ಸೇರಿದರೆ ಕ್ಯಾಮೆರಾದ ಫೈರ್‌ವೈರ್ ಪೋರ್ಟ್ ಸುಟ್ಟರೂ ಸುಟ್ಟೀತು. ಆಮೇಲೆ ಆ ಕ್ಯಾಸೆಟ್ ಓಡಿಸೋಕೆ ಇನ್ನೊಂದು ಕ್ಯಾಮೆರಾ ಎಲ್ಲಿಂದ ತರೋದು?

“ಕ್ಯಾಮೆರಾದಲ್ಲೇ ಯುಎಸ್‌ಬಿ ಇದೆಯಲ್ಲ” ಅಂತೀರಿ. ಇದೆ, ಮೆಮೊರಿ ಕಾರ್ಡಿನ ಫೋಟೊ ಎಳೆಯೋಕೆ. ಕೆಲವು ಮಾಡೆಲ್‌ನಲ್ಲಿ ಅದರಿಂದ ವಿಡಿಯೊ ಬಂದರೂ ಹೆಚ್ಚಾಗಿ ಮಸುಕು ಮಸುಕು. ಹಳದಿ-ಕೆಂಪು-ಬಿಳಿ ಪಿನ್ನಿನ ಯುಎಸ್‌ಬಿ ಕ್ಯಾಪ್ಚರ್ ಡಬ್ಬಿ ವಿಎಚ್‌ಎಸ್‌ಗೆ ಸರಿ. ಮಿನಿಡಿವಿ ಟೇಪಿನಲ್ಲಿರೋದು ಆಗಲೇ ಡಿಜಿಟಲ್. ಅದನ್ನು ಅನಲಾಗ್ ಮಾಡಿ ಮತ್ತೆ ಡಿಜಿಟಲ್ ಮಾಡಿದರೆ ಚಿತ್ರವೂ ಕೆಡುತ್ತೆ, ಟೇಪಿನೊಳಗೆ ದಾಖಲಾದ ತಾರೀಖು-ಸಮಯದ ಮಾಹಿತಿಯೂ ಹೋಗುತ್ತೆ.

ಬೇಕಾದದ್ದು ಇಷ್ಟು: ಡೆಸ್ಕ್‌ಟಾಪ್, ಅದಕ್ಕೊಂದು ಪಿಸಿಐ ಎಕ್ಸ್‌ಪ್ರೆಸ್ (ಈಗಿನ ಮದರ್‌ಬೋರ್ಡಿನ ಸ್ಲಾಟಿಗೆ ಕೂರೋ) ಫೈರ್‌ವೈರ್ ಕಾರ್ಡ್, 6 ಪಿನ್ನಿಂದ 4 ಪಿನ್ನಿನ ಕೇಬಲ್. ಮದುವೆ ಎಡಿಟಿಂಗ್ ಮಾಡುತ್ತಿದ್ದ ಸ್ಟುಡಿಯೊದವರ ಹಳೆ ಸಿಸ್ಟಮ್ಮಿನಲ್ಲಿ ಕಾರ್ಡ್ ಸಿಕ್ಕೀತು. ಆದರೆ ಅದು ಹಳೆ ಪಿಸಿಐ ಆಗಿದ್ದರೆ ಹೊಸ ಬೋರ್ಡಿಗೆ ಕೂರಲ್ಲ. ಮ್ಯಾಕ್ ಇರೋರು ಥಂಡರ್‌ಬೋಲ್ಟ್ ಅಡಾಪ್ಟರ್ ಸರಪಳಿ ಕಟ್ಟಬಹುದಿತ್ತು. ಆದರೆ ಮ್ಯಾಕ್‌ಒಎಸ್ 26ರಲ್ಲಿ ಫೈರ್‌ವೈರ್ ಬೆಂಬಲವನ್ನೇ ಕಿತ್ತುಹಾಕಿದ್ದಾರೆ, ಹಳೆ ಆವೃತ್ತಿಯಲ್ಲೇ ಉಳೀಬೇಕು.

ಕೇಬಲ್ ಹಾಕುವಾಗ ಕ್ಯಾಮೆರಾ, ಕಂಪ್ಯೂಟರ್ ಎರಡೂ ಆಫ್ ಇರಲಿ. 6 ಪಿನ್ನಿನ ತುದಿಯಲ್ಲಿ 30 ವೋಲ್ಟ್‌ವರೆಗೂ ಕರೆಂಟ್ ಇರಬಹುದು, ಸಾಕೆಟ್ ಸಡಿಲವಿದ್ದು ತಿರುಗುಮುರುಗು ತುರುಕಿದರೆ ಕತೆ ಮುಗೀತು. ಆಮೇಲೆ ಕ್ಯಾಮೆರಾವನ್ನು ಬ್ಯಾಟರಿ ಬಿಟ್ಟು ಅಡಾಪ್ಟರ್‌ನಲ್ಲಿ ಹಾಕಿ, ಪ್ಲೇ ಅಥವಾ ವಿಸಿಆರ್ ಮೋಡಿಗೆ ತಿರುಗಿಸಿ. ವಿಂಡೋಸ್ 10 ಅಥವಾ 11ರಲ್ಲಿ ಕ್ಯಾಮೆರಾ ಕಾಣದಿದ್ದರೆ ಕಾರ್ಡ್ ಕೆಟ್ಟಿದೆ ಅಂದುಕೋಬೇಡಿ. ಡಿವೈಸ್ ಮ್ಯಾನೇಜರ್‌ನಲ್ಲಿ 1394ರ (ಫೈರ್‌ವೈರ್‌ನ ಇನ್ನೊಂದು ಹೆಸರು) ಲೆಗಸಿ ಡ್ರೈವರ್ ಹಾಕಿ ನೋಡಿ. ಕ್ಯಾಪ್ಚರ್‌ಗೆ ವಿನ್‌ಡಿವಿ ಅನ್ನೋ ಸಾಫ್ಟ್‌ವೇರ್ ಸಾಕು, ಪುಕ್ಕಟೆ ಸಿಗುತ್ತೆ.

ಒಂದು ಗಂಟೆಯ ಟೇಪಿಗೆ ಒಂದು ಗಂಟೆ ಕೂರಲೇಬೇಕು, ಸುಮಾರು 13 ಜಿಬಿ ಜಾಗ ಬೇಕು. ಹಾರ್ಡ್‌ಡಿಸ್ಕಿನ ಫಾರ್ಮ್ಯಾಟ್ ಎನ್‌ಟಿಎಫ್‌ಎಸ್ ಇರಲಿ. ಫ್ಯಾಟ್32 ಆದರೆ 4 ಜಿಬಿಗೆ, ಅಂದರೆ ಇಪ್ಪತ್ತು ನಿಮಿಷದೊಳಗೇ ಫೈಲ್ ನಿಂತುಬಿಡುತ್ತೆ. ವರ್ಷಗಟ್ಟಲೆ ಬೀರುವಿನಲ್ಲಿದ್ದ ಟೇಪನ್ನು ಮೊದಲು ಕೊನೆವರೆಗೂ ಓಡಿಸಿ, ಪೂರ್ತಿ ರಿವೈಂಡ್ ಮಾಡಿ, ಆಮೇಲೆ ಪ್ಲೇ ಒತ್ತಿ. ಬಿಳಿ ಬೂಷ್ಟು ಕಂಡರೆ ಕ್ಯಾಮೆರಾಕ್ಕೆ ಹಾಕಲೇಬೇಡಿ. ಎಲ್‌ಪಿ ಮೋಡಿನಲ್ಲಿ (ಒಂದೇ ಟೇಪಿಗೆ ಹೆಚ್ಚು ಹೊತ್ತು ತುಂಬಿಸೋದು) ತೆಗೆದ ಟೇಪು ಬೇರೆ ಕ್ಯಾಮೆರಾದಲ್ಲಿ ಚೌಕ ಚೌಕ ಒಡೆಯಬಹುದು, ಆದಷ್ಟೂ ಅದನ್ನು ತೆಗೆದ ಕ್ಯಾಮೆರಾದಲ್ಲೇ ಓಡಿಸಿ.

ಅಂಗಡಿಯ ಅಣ್ಣಂದಿರೇ, ಆ ಕೇಬಲ್ ಮಾರಬೇಡಿ. ದಾವಣಗೆರೆ, ಚಿತ್ರದುರ್ಗದ ಕಡೆಯವರು ಯಾರಾದರೂ ಕಾರ್ಡ್ ಕೊಳ್ಳೋದಿದ್ದರೆ, ಮೊದಲು ಸಿಪಿಯು ಬಾಗಿಲು ತೆಗೆದು ಬೋರ್ಡಿನ ಸ್ಲಾಟುಗಳ ಫೋಟೊ ಕೆಳಗೆ ಹಾಕಿ. ಯಾವುದು ಕೂರುತ್ತೆ ನೋಡಿ ಹೇಳ್ತೀನಿ.