ಲೀ-ಆನ್-ಸೀಗೆ ಹೊರಡುವ ಮುನ್ನ ತಿಥಿ ನೋಡಿ

ಮಲ್ಪೆಗೋ ಪಣಂಬೂರಿಗೋ ಹೊರಟವರು "ಇವತ್ತು ಸಮುದ್ರ ಇರುತ್ತದಾ?" ಎಂದು ಯಾರನ್ನೂ ಕೇಳುವುದಿಲ್ಲ. ಲಂಡನ್ನಿನಿಂದ ಲೀ-ಆನ್-ಸೀಗೆ ಹೊರಡುವ ಕನ್ನಡದ ಕುಟುಂಬಗಳು ಮೊದಲು ಕೇಳಬೇಕಾದದ್ದೇ ಅದು. ಕೇಳದೆ ಹೋದರೆ ಮಕ್ಕಳ ಬಕೆಟ್ಟು, ಟವೆಲು, ಚಿತ್ರಾನ್ನದ ಡಬ್ಬಿ ಎಲ್ಲ ಹೊತ್ತು ದಡ ಮುಟ್ಟಿದ ಮೇಲೆ ಕಾಣುವುದು ಕಣ್ಣು ಹಾಯುವಷ್ಟು ದೂರ ಬೂದು ಕೆಸರು, ಅದರ ಮೇಲೆ ಒಂದು ಬದಿಗೆ ವಾಲಿ ಕೂತ ದೋಣಿಗಳು. ಇಷ್ಟಕ್ಕೇ ಊರನ್ನು ಬೈದುಕೊಂಡು ಮುಂದಿನ ಸಲ ಬ್ರೈಟನ್ನಿಗೆ ಹೋಗುವವರೇ ಹೆಚ್ಚು. ಊರಿನದೇನೂ ತಪ್ಪಿಲ್ಲ, ಹೋದ ಹೊತ್ತು ತಪ್ಪಿತ್ತು.

ಲೀ ಇರುವುದು ತೆರೆದ ಕಡಲಿಗೆ ಮುಖ ಮಾಡಿ ಅಲ್ಲ, ಥೇಮ್ಸ್ ನದಿಯ ಅಳಿವೆಯಲ್ಲಿ. ಎದುರಿಗೆ ಕಾಣುವ ಗೆರೆ ಕೆಂಟ್ ಜಿಲ್ಲೆಯ ದಡ. ಮಂಗಳೂರಿನ ಕಡೆ ದೊಡ್ಡ ಉಬ್ಬರದ ದಿನವೂ ನೀರು ಏರಿಳಿಯುವುದು ಒಂದೂವರೆ ಮೀಟರಿನ ಆಸುಪಾಸು. ಇಲ್ಲಿ ಐದು ಮೀಟರು ದಾಟುತ್ತದೆ. ನೆಲ ಬೇರೆ ಸಪಾಟು, ಹಾಗಾಗಿ ಇಳಿತಕ್ಕೆ ನೀರು ಒಂದು ಮೈಲಿಯಷ್ಟು ಹಿಂದೆ ಸರಿಯುತ್ತದೆ. ಪಕ್ಕದ ಸೌತೆಂಡಿನ ಪಿಯರ್, ಅಂದರೆ ನೀರಿನೊಳಕ್ಕೆ ಚಾಚಿದ ಕಟ್ಟೆ, 2.16 ಕಿಲೋಮೀಟರ್ ಉದ್ದ ಇರುವುದು ಶೋಕಿಗಲ್ಲ. ಇಳಿತದಲ್ಲೂ ದೋಣಿ ಬಂದು ನಿಲ್ಲಬೇಕಾದರೆ ಅಷ್ಟು ದೂರ ಹೋಗಲೇಬೇಕು.

ಈಗ ಪಂಚಾಂಗದ ಮಾತು. ಇಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ದಿನಗಳಲ್ಲಿ ಮಧ್ಯಾಹ್ನ ಒಂದೂವರೆ-ಎರಡರ ಹೊತ್ತಿಗೆ ತುಂಬು ಉಬ್ಬರ (ಇದು ಬೇಸಿಗೆಯ ಗಡಿಯಾರದ ಲೆಕ್ಕ, ಚಳಿಗಾಲದಲ್ಲಿ ಒಂದು ಗಂಟೆ ಕಳೆಯಿರಿ). ಆಮೇಲೆ ದಿನಕ್ಕೆ ಮುಕ್ಕಾಲು ಗಂಟೆಯಷ್ಟು ತಡವಾಗುತ್ತಾ ಹೋಗುತ್ತದೆ. ಅಷ್ಟಮಿಯ ಹೊತ್ತಿಗೆ ಉಬ್ಬರ ಬೆಳಗ್ಗೆ ಸಂಜೆ ಏಳಕ್ಕೆ ಸರಿದು, ನಡುಮಧ್ಯಾಹ್ನ ಬರೀ ಕೆಸರು ಉಳಿಯುತ್ತದೆ. ಮಕ್ಕಳನ್ನು ನೀರಿಗಿಳಿಸುವ ಆಸೆಯಿದ್ದರೆ ಏಕಾದಶಿಯಿಂದ ತದಿಗೆಯವರೆಗೆ ಬರುವ ಶನಿವಾರ, ಭಾನುವಾರ ಆರಿಸಿ. ಉಬ್ಬರದ ಹಿಂದೆ ಎರಡು ಗಂಟೆ, ಮುಂದೆ ಎರಡು ಗಂಟೆ, ಅಷ್ಟೇ ಆಡುವ ಸಮಯ. ತಿಥಿ ದಿನ ಹೇಳುತ್ತದೆ, ನಿಮಿಷ ಹೇಳುವುದಿಲ್ಲ. ಅದಕ್ಕೆ ಸೌತೆಂಡಿನ ಉಬ್ಬರದ ಪಟ್ಟಿ ನೋಡಲೇಬೇಕು. ಆ ಪಟ್ಟಿ ಗ್ರೀನಿಚ್ ಸಮಯದಲ್ಲಿದೆಯೇ ಎಂದೂ ನೋಡಿಕೊಳ್ಳಿ. ಬೇಸಿಗೆಯಲ್ಲಿ ಒಂದು ಗಂಟೆ ಕೂಡಿಸಲು ಮರೆತು ಮೋಸ ಹೋಗುವವರು ತುಂಬಾ ಜನ.

ರೈಲು ಫೆಂಚರ್ಚ್ ಸ್ಟ್ರೀಟಿನಿಂದ. ಆ ನಿಲ್ದಾಣಕ್ಕೆ ಸ್ವಂತ ಟ್ಯೂಬ್ (ನೆಲದಡಿಯ ರೈಲು) ಇಲ್ಲ, ಟವರ್ ಹಿಲ್‌ನಲ್ಲಿ ಇಳಿದು ಐದು ನಿಮಿಷ ನಡೆಯಬೇಕು. ಡಿಸ್ಟ್ರಿಕ್ಟ್ ಲೈನಿನಲ್ಲಿ ಬರುವವರಿಗೆ ವೆಸ್ಟ್ ಹ್ಯಾಮ್ ಅಥವಾ ಬಾರ್ಕಿಂಗ್‌ನಲ್ಲಿ ಬದಲಾಯಿಸುವುದು ಸಲೀಸು. ಬ್ಯಾಸಿಲ್ಡನ್ ಮೇಲೆ ಹೋಗುವ ಗಾಡಿಯನ್ನೇ ಹತ್ತಿ, ಮುಕ್ಕಾಲು ಗಂಟೆ ಚಿಲ್ಲರೆ ಸಾಕು. ಗ್ರೇಸ್ ಮೇಲಿನದು ಸುತ್ತುದಾರಿ. ಬಲಗಡೆ ಕಿಟಕಿ ಹಿಡಿದರೆ ಬೆನ್‌ಫ್ಲೀಟ್ ದಾಟಿದ ಮೇಲೆ ಜೌಗು, ತೊರೆಗಳು ಕಾಣುತ್ತವೆ.

ನಿಲ್ದಾಣದಿಂದ ಪೂರ್ವಕ್ಕೆ ಹತ್ತು ಹನ್ನೆರಡು ನಿಮಿಷ ನಡೆದರೆ ಓಲ್ಡ್ ಲೀ. ಹಳೆಯ ಮೀನುಗಾರರ ಕೇರಿ ಇದು. 1850ರ ದಶಕದಲ್ಲಿ ಬಂದ ರೈಲು ಹಳಿ ಕೇರಿಯನ್ನು ಗುಡ್ಡದ ಮೇಲಿನ ಊರಿನಿಂದ ಕತ್ತರಿಸಿ ಇಟ್ಟಿತು. ಹಾಗೆ ಕತ್ತರಿಸಿದ್ದರಿಂದಲೇ ಒಂದೇ ಒಂದು ಕಲ್ಲುಹಾಸಿನ ಬೀದಿ, ಮರದ ಶೆಡ್ಡುಗಳು ಹಾಗೇ ಉಳಿದವು ಅನಿಸುತ್ತದೆ. 1940ರಲ್ಲಿ ಡನ್‌ಕರ್ಕ್‌ನಿಂದ ಸೈನಿಕರನ್ನು ಕರೆತರಲು ಇಲ್ಲಿಂದ ಕಾಕಲ್ ಎಂಬ ಚಿಪ್ಪುಮೀನು ಹಿಡಿಯುವ ಆರು ದೋಣಿಗಳು ಹೋಗಿದ್ದವು. "ರಿನೌನ್" ಎಂಬುದು ಮರಳುವಾಗ ನೆಲಬಾಂಬಿನಂಥ ಕಡಲಬಾಂಬಿಗೆ ಸಿಕ್ಕಿ ನಾಲ್ವರೊಂದಿಗೆ ಮುಳುಗಿತು. ಬೀದಿಯ ಕೊನೆಗೆ ಬೆಲ್ ವಾರ್ಫ್, ಅಂಗಳದಷ್ಟೇ ಮರಳು. ಅಲ್ಲಿಂದ ಹಳಿಗೂ ನೀರಿಗೂ ನಡುವಿನ ಕಟ್ಟೆಯ ಮೇಲೆ ನಡೆದರೆ ಚಾಕ್‌ವೆಲ್ ನಿಲ್ದಾಣ. ವಾಪಸ್ ಬರುವ ರೈಲನ್ನು ಅಲ್ಲೇ ಹಿಡಿಯಬಹುದು, ಬಂದ ದಾರಿಯಲ್ಲೇ ಮರಳಬೇಕಾಗಿಲ್ಲ.

ಇಳಿತದ ದಿನ ಹೋದರೂ ನಷ್ಟವೇನಿಲ್ಲ, ಕೆಸರಿಗೆ ಇಳಿಯದಿದ್ದರೆ. ಅಕ್ಟೋಬರಿನ ಹೊತ್ತಿಗೆ ಸೈಬೀರಿಯಾದಿಂದ ಬರುವ ಕಪ್ಪು ಬ್ರೆಂಟ್ ಹೆಬ್ಬಾತುಗಳು ಲೀ ಪಕ್ಕದ ಟೂ ಟ್ರೀ ಐಲೆಂಡಿನ ಬಯಲಲ್ಲಿ ಈಲ್‌ಗ್ರಾಸ್ ಎಂಬ ಕಡಲಹುಲ್ಲು ಮೇಯುವುದನ್ನು ನೋಡಲು ಇದೇ ಸರಿಯಾದ ಹೊತ್ತು. ಕೆಸರು ಮಾತ್ರ ಮೋಸದ್ದು. ಮೇಲೆ ಗಟ್ಟಿ ಕಂಡರೂ ಕಾಲು ಮೊಣಕಾಲಿನವರೆಗೆ ಹೂತುಹೋಗುತ್ತದೆ. ಉಬ್ಬರವೂ ಮಲ್ಪೆಯ ಅಲೆಯ ಹಾಗೆ ಎದುರಿನಿಂದ ಸದ್ದು ಮಾಡಿಕೊಂಡು ಬರುವುದಿಲ್ಲ. ಮೊದಲು ತೊರೆಗಳನ್ನು ತುಂಬಿ, ನಿಮ್ಮ ಬೆನ್ನ ಹಿಂದಿನಿಂದ ದಾರಿ ಕಟ್ಟುತ್ತದೆ. ಯಾರಾದರೂ ಸಿಕ್ಕಿಬಿದ್ದರೆ ನೀವು ಇಳಿಯಬೇಡಿ, 999ಕ್ಕೆ ಕರೆ ಮಾಡಿ ಕೋಸ್ಟ್‌ಗಾರ್ಡ್ ಕೇಳಿ.

ನಮ್ಮಲ್ಲಿ ಕರಾವಳಿ ಪ್ರವಾಸವೆಂದರೆ ಒಂದು ಟಿಟಿ ಮಾಡಿಕೊಂಡು ಒಂದೇ ದಿನದಲ್ಲಿ ಕೃಷ್ಣಮಠ, ಮಲ್ಪೆ, ಮರವಂತೆ, ಮುರುಡೇಶ್ವರ. ಸಮುದ್ರ ಆ ಪಟ್ಟಿಯಲ್ಲಿ ಅರ್ಧ ಗಂಟೆಯ ಬಾಬತ್ತು. ಲೀಗೆ ಬರುವ ಇಲ್ಲಿಯವರು ಕಟ್ಟೆಯ ಮೇಲೆ ನಾಯಿಯೊಡನೆ ಕೂತು ನೀರು ಬರುವುದನ್ನೇ ಎರಡು ತಾಸು ನೋಡುತ್ತಾರೆ. ಈ ಒಂದು ವಿಷಯದಲ್ಲಿ ಅವರದೇ ಸರಿ ಎನ್ನುತ್ತೇನೆ. ಆದರೆ ಕರ್ಕಾಟಕ ಅಮಾವಾಸ್ಯೆಗೆ ಮರವಂತೆಯಲ್ಲಿ ಸುರಿಯುವ ಮಳೆಯಲ್ಲೂ ಸಮುದ್ರ ಸ್ನಾನಕ್ಕೆ ಸೇರುವ ಜನಕ್ಕೆ ಕಡಲಿನ ಜೊತೆ ಇರುವ ಸಲಿಗೆ ಇವರಿಗಿಲ್ಲ. ಅಘನಾಶಿನಿ ಅಳಿವೆಯಲ್ಲಿ ಬಳಚು ಎಂಬ ಚಿಪ್ಪುಮೀನು ಹೆಕ್ಕುವ ಹೆಂಗಸರಿಗೆ ಇಳಿತದ ಹೊತ್ತು ಗೊತ್ತಿರಲೇಬೇಕು, ಅದು ಅವರ ಕೆಲಸದ ಸಮಯ. ಪೇಟೆ ಸೇರಿದ ನಾವು ತಿಥಿಯನ್ನು ಉಪವಾಸಕ್ಕೆ ಮಾತ್ರ ಇಟ್ಟುಕೊಂಡೆವು.

ಬುತ್ತಿ ಕಟ್ಟಿಕೊಂಡೇ ಹೋಗಿ. ಮೀನು ತಿನ್ನದವರು ಚಿಪ್ಸ್ ಕೊಳ್ಳುವ ಮುನ್ನ ಮೀನು ಕರಿದ ಎಣ್ಣೆಯಲ್ಲೇ ಕರಿಯುತ್ತಾರಾ ಎಂದು ಕೇಳಿ. ತೆರೆದ ಪೇಪರ್ ತಟ್ಟೆ ಗಾಳಿಗೆ ಹಾರುತ್ತದೆ, ಹಾರದಿದ್ದರೆ ಕಡಲಕಾಗೆಗೆ ಹೋಗುತ್ತದೆ. ಮುಚ್ಚಳದ ಡಬ್ಬಿ, ಚಮಚ, ಗೋಡೆಗೆ ಬೆನ್ನು ಕೊಟ್ಟು ಕೂರುವುದು, ಇಷ್ಟು ಮಾಡಿದರೆ ಮೊಸರನ್ನ ಉಳಿದೀತು.

ಮೀನು ತಿನ್ನುವವರಿಗೆ ಶೆಡ್ಡುಗಳ ಕಾಕಲ್ ಇದೆ. ನಮ್ಮ ಮರುವಾಯಿಯ, ಬಳಚಿನ ದೂರದ ನೆಂಟ. ಇಲ್ಲಿ ಬೇಯಿಸಿ, ಚಿಪ್ಪು ಕಳಚಿ, ಪುಟ್ಟ ಡಬ್ಬಿಯಲ್ಲಿ ಕೊಡುತ್ತಾರೆ. ವಿನಿಗರ್, ಬಿಳಿ ಮೆಣಸಿನ ಪುಡಿ ಉದುರಿಸಿಕೊಂಡು ನಿಂತಲ್ಲೇ ತಿನ್ನುವುದು ರೂಢಿ. ಮನೆಗೆ ಒಯ್ದು ಸುಕ್ಕ ಮಾಡುವವರು ಎಡವುವುದು ಒಂದೇ ಕಡೆ: ಹಸಿ ಮರುವಾಯಿಯ ಹಾಗೆ ಮಸಾಲೆಯಲ್ಲಿ ಕುದಿಸಿ ರಬ್ಬರು ಮಾಡುತ್ತಾರೆ. ಇದು ಆಗಲೇ ಬೆಂದದ್ದು. ಮರಳು ಹೋಗಲು ಎರಡು ನೀರಲ್ಲಿ ತೊಳೆದು, ಮೆಣಸು, ಕೊತ್ತಂಬರಿ, ಕಾಯಿತುರಿ ಎಲ್ಲ ಹದಕ್ಕೆ ಬಂದ ಮೇಲೆ ಹಾಕಿ, ಎರಡು ನಿಮಿಷಕ್ಕೆ ಇಳಿಸಿ. ಚಿಪ್ಪಿನೊಳಗಿನ ರಸ ಇಲ್ಲಿ ಸಿಗುವುದಿಲ್ಲ, ಹುಣಸೆ ಚೂರು ಜಾಸ್ತಿ ಬೇಕಾಗುತ್ತದೆ. ಉಪ್ಪು ಮಾತ್ರ ಒಂದು ಕಾಕಲ್ ಬಾಯಿಗೆ ಹಾಕಿ ನೋಡಿದ ಮೇಲೆಯೇ.