ಹಿಂದಿನ ಸೀಟಿನ ಲೈಬ್ರರಿ

ಕನ್ನಡದಲ್ಲಿ ಯಾವ ಹೊಸ ಕಾದಂಬರಿ ಬಂದಿದೆ, ಯಾವ ಸಂಶೋಧನಾ ಗ್ರಂಥ ಬಂದಿದೆ ಅಂತ ತಿಳಿಯಬೇಕಾ? ದಾವಣಗೆರೆಯಲ್ಲಿ ಅದಕ್ಕಾಗಿ ಪುಸ್ತಕದ ಅಂಗಡಿಗೆ ಹೋಗಬೇಕಿಲ್ಲ. ಯಾವುದಾದರೂ ಉದ್ಘಾಟನಾ ಸಮಾರಂಭಕ್ಕೆ ಹೋಗಿ. ವೇದಿಕೆಗೆ ಬೆನ್ನು ಹಾಕಿ, ಹೊರಗೆ ಬೇವಿನ ಮರದ ಕೆಳಗೆ ನಿಂತ ಸರ್ಕಾರಿ ಕಾರುಗಳ ಹಿಂದಿನ ಸೀಟು ನೋಡಿ. ಹೊಸ ಸಾಹಿತ್ಯವೆಲ್ಲ ಅಲ್ಲೇ ಮಲಗಿರುತ್ತದೆ.

ಅತಿಥಿಗಳಿಗೆ ಪುಸ್ತಕ ಕೊಡುವ ಈ ಪದ್ಧತಿ ಜೋರಾದದ್ದು 2021ರ ಆಗಸ್ಟ್‌ನಿಂದ. ಸರ್ಕಾರಿ ಕಾರ್ಯಕ್ರಮಗಳಲ್ಲಿ ಹಾರ, ತುರಾಯಿ, ಶಾಲು, ಹಣ್ಣಿನ ಬುಟ್ಟಿ ಬೇಡ, ಕನ್ನಡ ಪುಸ್ತಕ ಕೊಡಿ ಎಂದು ಸರ್ಕಾರ ಹೇಳಿತು. 2023ರ ಮೇನಲ್ಲಿ ಮುಖ್ಯಮಂತ್ರಿಯಾದ ಸಿದ್ದರಾಮಯ್ಯನವರೂ ನನಗೆ ಹೂವು, ಶಾಲು ಬೇಡ, ಪ್ರೀತಿ ಇದ್ದರೆ ಪುಸ್ತಕ ಕೊಡಿ ಎಂದರು. ಒಳ್ಳೆಯ ಮಾತೇ. ಆದರೆ ಚೆಂಡು ಹೂವಿನ ಹಾರಕ್ಕೆ ಒಂದು ಅನುಕೂಲ ಇತ್ತು. ಅದನ್ನು ಕೊಟ್ಟವರೂ ಓದುತ್ತಿರಲಿಲ್ಲ, ತಗೊಂಡವರೂ ಓದುತ್ತಿರಲಿಲ್ಲ, ಸಂಜೆಗೆ ಬಾಡಿ ಹೋಗುತ್ತಿತ್ತು. ಪುಸ್ತಕದಲ್ಲಿ ಮೊದಲೆರಡು ಗುಣ ಹಾಗೇ ಉಳಿದಿವೆ. ಬಾಡುವುದು ಮಾತ್ರ ಇಲ್ಲ.

ಪುಸ್ತಕದ ಆಯ್ಕೆ ಹೇಗೆ ಅಂತೀರಾ? ಕಾರ್ಯಕ್ರಮದ ದಿನ ಬೆಳಿಗ್ಗೆ ಒಬ್ಬ ಹುಡುಗ ಬೈಕ್ ಹತ್ತುತ್ತಾನೆ. ಮಂಡಕ್ಕಿ, ಮಿರ್ಚಿ, ಶಾಮಿಯಾನ, ಮೈಕ್ ಸೆಟ್‌ಗೆ ಕೊಟ್ಟು ಉಳಿದ ದುಡ್ಡು ಅವನ ಜೇಬಿನಲ್ಲಿರುತ್ತದೆ.

"ಯಾವ ವಿಷಯದ್ದು ಕೊಡ್ಲಿ ತಮ್ಮಾ?"

"ವಿಷಯ ಯಾವ್ದಾದ್ರೂ ಆಗ್ಲಿ ಅಣ್ಣ. ಆರು ಪುಸ್ತಕ ಬೇಕು. ಮಿನಿಸ್ಟರ್‌ದು ಎಲ್ಲಕ್ಕಿಂತ ದಪ್ಪ ಇರ್ಬೇಕು. ಅಧ್ಯಕ್ಷರದ್ದು ಅದಕ್ಕಿಂತ ಒಂದು ಬೆರಳು ಕಮ್ಮಿ. ಉಳಿದವು ಒಂದೇ ಸೈಜ್. ಹೋದ ಸಲ ಒಬ್ರಿಗೆ ತೆಳ್ಳಗಿನದು ಹೋಗಿ ಊಟ ಮಾಡದೇ ಎದ್ದು ಹೋದ್ರು."

ಹೀಗೆ ಕುರಿ ರೋಗಗಳ ಪುಸ್ತಕ ಸಾಹಿತಿಗಳ ಕೈಗೆ, ವಚನ ವ್ಯಾಖ್ಯಾನ ಲೋಕೋಪಯೋಗಿ ಇಲಾಖೆಗೆ, ಚೊಚ್ಚಲ ಕಾದಂಬರಿ ಪಶುವೈದ್ಯರಿಗೆ ಸಲ್ಲುತ್ತದೆ. ಕವನ ಸಂಕಲನ ತೆಳ್ಳಗಿರುವುದರಿಂದ ನಿರೂಪಣೆ ಮಾಡುವ ಮೇಷ್ಟ್ರಿಗೆ. ಎಲ್ಲಕ್ಕೂ ಮಿಂಚುವ ಕಾಗದ ಸುತ್ತಿರುವುದರಿಂದ ಒಳಗೇನಿದೆ ಅಂತ ಕೊಟ್ಟವರಿಗೂ ಗೊತ್ತಿಲ್ಲ. ಮೇಷ್ಟ್ರು ಮಾತ್ರ ಮೈಕಿನಲ್ಲಿ ಪ್ರತಿಯೊಂದನ್ನೂ "ಅಮೂಲ್ಯ ಗ್ರಂಥ" ಎನ್ನುತ್ತಾರೆ. ಫೋಟೋ ಸರಿಯಾಗಿ ಬಂತು ಎನ್ನುವವರೆಗೆ ನಾಲ್ಕು ಕೈಗಳೂ ಅದನ್ನು ಬಿಡುವುದಿಲ್ಲ. ಕನ್ನಡದ ಪುಸ್ತಕವನ್ನು ಇಷ್ಟು ಜನ ಇಷ್ಟು ಗಟ್ಟಿಯಾಗಿ ಹಿಡಿದುಕೊಂಡದ್ದು ಹಿಂದೆಂದೂ ಇರಲಿಕ್ಕಿಲ್ಲ.

ಆಮೇಲೆ ಅದು ಕಾರಿಗೆ ಹೋಗುತ್ತದೆ. ಅಲ್ಲಿ ಒಬ್ಬ ಡ್ರೈವರ್ ಕೂತಿರುತ್ತಾರೆ.

ಇವರ ಹೆಸರು ಬೇಡ, ಇವರ ಸಾಹೇಬರ ಇಲಾಖೆಯೂ ಬೇಡ. ಎಸ್ಸೆಸ್ಸೆಲ್ಸಿ ಪಾಸು, ನಿವೃತ್ತಿಗೆ ಹತ್ತಿರ. ಸಾಹೇಬರು ವೇದಿಕೆ ಮೇಲಿರುವಷ್ಟು ಹೊತ್ತು ಇವರಿಗೆ ಕೆಲಸವಿಲ್ಲ. ಮೊದಲು ಮೊಬೈಲ್ ನೋಡುತ್ತಿದ್ದರು. ಡೇಟಾ ಮುಗಿದ ಒಂದು ಮಧ್ಯಾಹ್ನ ಹಿಂದೆ ಕೈ ಹಾಕಿದರು. ಈಗ ಜಿಲ್ಲೆಯಲ್ಲಿ ಇವರಷ್ಟು ಬಗೆಬಗೆಯ ಪುಸ್ತಕ ಓದಿದವರು ಇನ್ನೊಬ್ಬರಿಲ್ಲ. ಅಡಿಕೆಗೆ ಕೊಳೆ ರೋಗ ಬರದಂತೆ ಮಳೆಗೆ ಮುಂಚೆಯೇ ಶೇಕಡಾ 1ರ ಬೋರ್ಡೋ ದ್ರಾವಣ ಹೊಡೆಯಬೇಕು ಅಂತ ಚನ್ನಗಿರಿಯ ಬೆಳೆಗಾರನಿಗೇ ಹೇಳಿಕೊಟ್ಟವರು ಇವರು.

ಗ್ರಂಥಾಲಯ ಶಾಸ್ತ್ರದ ಎಸ್.ಆರ್. ರಂಗನಾಥನ್ 1931ರಲ್ಲೇ ಐದು ಸೂತ್ರ ಬರೆದಿಟ್ಟರು. ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ ಎನ್ನುವವು ಅದರಲ್ಲಿ ಎರಡು. ಇನ್ನೊಂದು, ಓದುಗನ ಸಮಯ ಉಳಿಸಿ ಅಂತ. ಈ ಕೊನೆಯದನ್ನು ನಮ್ಮ ಅಧ್ಯಕ್ಷೀಯ ಭಾಷಣಗಳು ಪೂರೈಸಿದಷ್ಟು ಯಾವ ಲೈಬ್ರರಿಯೂ ಪೂರೈಸಿಲ್ಲ. ಒಂದು ಭಾಷಣಕ್ಕೆ ಎರಡು ಅಧ್ಯಾಯ ಆರಾಮಾಗಿ ಮುಗಿಯುತ್ತದಂತೆ.

ಅವರ ವಿಮರ್ಶೆಯೂ ಕೇಳುವಂಥದ್ದೇ. ಒಂದು ಕಾದಂಬರಿಯ ಬಗ್ಗೆ ಹೀಗಂದರು: "ನಾಯಕಿ ದಾವಣಗೆರೇಲಿ ಹುಬ್ಬಳ್ಳಿ ಬಸ್ ಹತ್ತಿದ್ಲು ಸಾರ್. ನೂರಾ ಹನ್ನೆರಡು ಪುಟ ಆತು, ಇನ್ನೂ ಹರಿಹರ ದಾಟಿಲ್ಲ. ನಾನು ಓಡ್ಸಿದ್ರೆ ಅರ್ಧ ಗಂಟೆ."

ತಪ್ಪು ಆ ಬಸ್ಸಿನದಲ್ಲ. ಸರ್ಕಾರ ಗ್ರಂಥಾಲಯಗಳಿಗೆ ಪುಸ್ತಕಗಳನ್ನು ಸಗಟಾಗಿ ಕೊಳ್ಳುತ್ತದೆ. ಆಯ್ಕೆಯಾದರೆ ಒಂದೊಂದು ಪುಸ್ತಕದ ನೂರಾರು ಪ್ರತಿ ಹೋಗುತ್ತವೆ. ಬೆಲೆ ಕಟ್ಟುವುದು ಪುಟಕ್ಕೆ ಇಷ್ಟು ಅಂತ. ಪುಟಕ್ಕೆ ದರ ಇಟ್ಟ ಮೇಲೆ ನಾಯಕಿ ಯಾಕೆ ಬೇಗ ಹರಿಹರ ದಾಟಬೇಕು ಹೇಳಿ? ಕಿಟಕಿಯಿಂದ ಆಚೆ ನೋಡಲಿ, ಬಾಲ್ಯ ನೆನಪಿಸಿಕೊಳ್ಳಲಿ, ಕಂಡಕ್ಟರ್ ಚಿಲ್ಲರೆ ಹುಡುಕಲಿ. ಇದಕ್ಕೆಲ್ಲ ಪೋಷಕರು ನಾವೇ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆ ನೂರಕ್ಕೆ 6 ರೂಪಾಯಿ ಗ್ರಂಥಾಲಯ ಉಪಕರ ಕಟ್ಟುತ್ತೇವೆ. ಮನೆ ಇರುವವರೆಲ್ಲ ಸಾಹಿತ್ಯ ಪೋಷಕರೇ, ರಸೀದಿ ತೆಗೆದು ನೋಡಿ ಬೇಕಾದರೆ. ವಸೂಲಾದ ಉಪಕರ ಲೈಬ್ರರಿಗೆ ಹೊತ್ತಿಗೆ ಸರಿಯಾಗಿ ತಲುಪಲ್ಲ, ಪ್ರಕಾಶಕರಿಗೆ ಬಾಕಿ ಬರಲ್ಲ ಎನ್ನುವುದು ರಾಜ್ಯದ ಹಳೇ ಗೋಳು. ಆ ದುಡ್ಡೂ ಇನ್ನೂ ಹರಿಹರ ದಾಟಿಲ್ಲ ಅಂತ ಕಾಣುತ್ತದೆ.

ಸಂಶೋಧನಾ ಗ್ರಂಥಗಳ ಬಗ್ಗೆ ಡ್ರೈವರ್ ಸಾಹೇಬರಿಗೆ ಇನ್ನೂ ಗಟ್ಟಿ ಅಭಿಪ್ರಾಯ ಇದೆ. ಒಂದು ಸಂಪಾದಿತ ಸಂಪುಟ ಸಿಕ್ಕಿತ್ತಂತೆ. ಮೊದಲ ಲೇಖನ ಅಶೋಕನ ಶಾಸನ, ಎರಡನೆಯದು ಜಿಎಸ್‌ಟಿ, ಮೂರನೆಯದು ಸೋಬಾನೆ ಪದ, ನಾಲ್ಕನೆಯದು ಮೆಕ್ಕೆಜೋಳದ ಬೆಲೆ. ನಡುವೆ ಒಂದು ಯೋಗ. "ಇದೇನ್ ಸಾರ್, ಸಂತೆ ಇದ್ದಂಗೈತಲ್ಲ?" ಅಂದರು.

ಅವರಿಗೆ ಸುಮ್ನೆ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ ಕಥೆ ಹೇಳಬೇಕಾಯಿತು. 2010ರಲ್ಲಿ ಕಾಲೇಜು ಮೇಷ್ಟ್ರುಗಳ ಬಡ್ತಿಗೆ ಅಂಕ ಬಂತು. ಪುಸ್ತಕ ಬರೆದರೆ ಅಂಕ, ಪುಸ್ತಕದಲ್ಲಿ ಒಂದು ಅಧ್ಯಾಯ ಬರೆದರೂ ಅಂಕ. ಪಾಠ ಮಾಡಿಕೊಂಡು ತೆಪ್ಪಗಿದ್ದವರೆಲ್ಲ ರಾತ್ರೋರಾತ್ರಿ ವಿದ್ವಾಂಸರಾಗಬೇಕಾಯಿತು. ಒಂದು ವಿಚಾರ ಸಂಕಿರಣ, ಒಂದು ಬೆಣ್ಣೆ ದೋಸೆ ತಿಂಡಿ, ತಲೆಗಿಷ್ಟು ವಂತಿಗೆ, ಬೆನ್ನಿಗೊಂದು ಪುಸ್ತಕದ ಗುರುತು ಹೇಳುವ 13 ಅಂಕಿಯ ಐಎಸ್‌ಬಿಎನ್. ಸಂಪುಟ ರೆಡಿ. ಆ 13 ಅಂಕಿಗಳನ್ನು ಮಾತ್ರ ಎಲ್ಲರೂ ಜಾಗ್ರತೆಯಿಂದ ಓದುತ್ತಾರೆ. ಅರ್ಜಿಯಲ್ಲಿ ತಪ್ಪಿಲ್ಲದೆ ತುಂಬಬೇಕಲ್ಲ!

ಆದರೂ ಆ ಸಂಪುಟದಿಂದಲೇ ಡ್ರೈವರ್‌ಗೆ ಒಂದು ವಿಷಯ ಸಿಕ್ಕಿತು. ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇದೆ, ಅದನ್ನು 1892ರಲ್ಲಿ ಪತ್ತೆ ಹಚ್ಚಿದವರು ಶಾಸನತಜ್ಞ ಬಿ.ಎಲ್. ರೈಸ್. ಬಂಡೆ ಮೇಲೆ ಅದನ್ನು ಬರೆದ ಲಿಪಿಕಾರ ಚಪಡ ಕೊನೆಯಲ್ಲಿ ತನ್ನ ಹೆಸರು ಹಾಕಿದ್ದಾನೆ. (1997ರವರೆಗೆ ದಾವಣಗೆರೆಯೂ ಚಿತ್ರದುರ್ಗ ಜಿಲ್ಲೆಯೇ ಆಗಿತ್ತು. ಹಾಗಾಗಿ ಚಪಡ ಬರೆದ ಬಂಡೆ ನಮ್ಮ ಕಡೆಯದೇ ಅನ್ನಬಹುದು.) ಡ್ರೈವರ್ ಸಾಹೇಬರ ತಕರಾರು ಇಷ್ಟೇ: "ಎರಡು ಸಾವಿರ ವರ್ಷದ ಮ್ಯಾಲಾತು, ಅವ್ನು ಬರೆದಿದ್ದು ಅವ್ನೇ ಅಂತ ಗೊತ್ತೈತೆ. ಈ ಪುಸ್ತಕದಾಗೆ ಒಂದೇ ಲೇಖನ ಎರಡು ಹೆಸರಲ್ಲಿ ಎರಡು ಕಡೆ ಐತಲ್ಲ ಸಾರ್, ಬರೆದೋರು ಯಾರು?"

ಹಿಂದಿನ ಸೀಟು ತುಂಬಿದಾಗ ಪುಸ್ತಕಗಳು ಸಾಹೇಬರ ಮನೆ ಸೇರುತ್ತವೆ. ಮನೆ ತುಂಬಿದಾಗ ಮೊದಲ ಪುಟದ "ಪ್ರೀತಿಯಿಂದ" ಹರಿದು, ಹೊಸ ಕಾಗದ ಸುತ್ತಿ, ಬೇರೆ ಸಮಾರಂಭಕ್ಕೆ ಹೊರಡುತ್ತವೆ. ಹೊನ್ನಾಳಿ, ಜಗಳೂರು, ಹೊಳಲ್ಕೆರೆ ಸುತ್ತುತ್ತವೆ. ಆ ಹುಬ್ಬಳ್ಳಿ ಬಸ್ಸಿನ ಕಾದಂಬರಿಯೂ ಹೀಗೇ ಸುತ್ತಿ ಸುತ್ತಿ ಚಿತ್ರದುರ್ಗದ ಒಂದು ಸನ್ಮಾನ ಸಮಾರಂಭಕ್ಕೆ ಬಂತು. ಸನ್ಮಾನ ಆಗಿದ್ದು ಅದರ ಲೇಖಕರಿಗೇ.

ಮನೆಗೆ ಹೋಗಿ ಕಾಗದ ಬಿಚ್ಚಿದರೆ ಸ್ವಂತ ಕಾದಂಬರಿ. 112ನೇ ಪುಟದ ಮೂಲೆ ಮಡಚಿತ್ತು. ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ಬರೆದಿತ್ತು, "ಇನ್ನೂ ಹರಿಹರ ದಾಟಿಲ್ಲ." ಆ ಪುಸ್ತಕಕ್ಕೆ ಬಂದ ಮೊದಲ ವಿಮರ್ಶೆ ಅದು. ಲೇಖಕರು ಫೋಟೋ ತೆಗೆದು ಗೆಳೆಯರಿಗೆಲ್ಲ ಕಳಿಸಿದ್ದಾರೆ. ಎರಡನೇ ಮುದ್ರಣದಲ್ಲಿ ಖಂಡಿತ ಹರಿಹರ ದಾಟಿಸುತ್ತಾರಂತೆ. ಪುಟ ಮಾತ್ರ ಕಮ್ಮಿ ಮಾಡಲ್ಲವಂತೆ.